ಗುಲಾಬಿ ಅಂಚಿನ ಕಾರ್ಡು

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಬ್ರೆಡ್ ಫ್ಯಾಕ್ಟರಿಯಲ್ಲಿ ಬ್ರೆಡ್ ಮಾಡುತ್ತಿರಲಿಲ್ಲ. ನಮ್ಮ ನೆಂಟರಿಗೆ, ಚರ್ಚಿನ ಹೆಂಗಸರಿಗೆ, ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ಬೀದಿಯ ಅರ್ಧ ಜನಕ್ಕೆ ಇವತ್ತಿಗೂ ಇರುವ ನಂಬಿಕೆ ಅದೇ. ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಎಂದರೆ ಹಿಟ್ಟು ನಾದುವುದು, ಇನ್ನೇನು? ನಾದುವುದರಲ್ಲಿ ತಪ್ಪೇನಿಲ್ಲ, ಆದರೆ ನಾನು ನಾದಲಿಲ್ಲ. ಕಾರ್ಖಾನೆಯ ಮೇಲಿನ ಮಹಡಿಯಲ್ಲಿ, ಸದಾ ತಣ್ಣಗಿಟ್ಟ ಒಂದು ಕೋಣೆಯಲ್ಲಿ, ಸಾಲಾಗಿ ನಿಲ್ಲಿಸಿದ ಬೀರುಗಳಷ್ಟು ದೊಡ್ಡ ಕಂಪ್ಯೂಟರ್ ಇತ್ತು. ಯಾವ ವ್ಯಾನು ಯಾವ ಅಂಗಡಿಗೆ ಎಷ್ಟು ಟ್ರೇ ಒಯ್ಯಬೇಕೆಂದು ಅದು ದಿನಾ ಮುದ್ರಿಸಿ ಕೊಡುತ್ತಿತ್ತು. ಅದು ಮುಷ್ಕರ ಹೂಡಿದರೆ ವಾಯವ್ಯ ಲಂಡನ್ನಿಗೆ ಬೆಳಗ್ಗೆ ಟೋಸ್ಟ್ ಇಲ್ಲ. ಅದು ಮುಷ್ಕರ ಹೂಡದ ಹಾಗೆ ನೋಡಿಕೊಳ್ಳುತ್ತಿದ್ದವರಲ್ಲಿ ನಾನೊಬ್ಬಳು.

ಮಗಳಿಗೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಅವಳೂ ಸಾಫ್ಟ್‌ವೇರಿನವಳೇ, ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತು ಲ್ಯಾಪ್‌ಟಾಪ್ ಒತ್ತಿದರೆ ಎಲ್ಲೆಲ್ಲಿಯೋ ಪ್ರೋಗ್ರಾಮ್ ರಿಪೇರಿಯಾಗುತ್ತದೆ. ನಾನು ನನ್ನ ಕಥೆ ಶುರು ಮಾಡಿದರೆ ಫೋನ್ ನೋಡುತ್ತ "ಹೂಂ ಮಮ್ಮಿ" ಎನ್ನುತ್ತಾಳೆ. ನಮ್ಮ ಮನೆಮಾತು ಕೊಂಕಣಿ. ನಾನು ಹುಟ್ಟಿದ್ದು ಉಡುಪಿಯ ಹತ್ತಿರ, ಓದಿದ್ದು ಕನ್ನಡ ಶಾಲೆಯಲ್ಲಿ. ಹಾಗಾಗಿ ಪ್ರಾರ್ಥನೆ ಕೊಂಕಣಿಯಲ್ಲಿ, ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ, ಲೆಕ್ಕ ಮತ್ತು ಬೈಗುಳ ಮಾತ್ರ ಕನ್ನಡದಲ್ಲಿ. ಮಗಳಿಗೆ ಎರಡು ಭಾಷೆಯೂ ಅರ್ಥವಾಗುತ್ತದೆ, ಎರಡಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ.

ಅವಳೇ ಒಂದು ದಿನ ಬಂದು, ಅಕ್ಸ್‌ಬ್ರಿಡ್ಜ್‌ನ ಒಂದು ಕಾಲೇಜಿನ ಬೇಸ್‌ಮೆಂಟಿನಲ್ಲಿ ಹಳೇ ಕಂಪ್ಯೂಟರ್ ಇದೆಯಂತೆ, ಶನಿವಾರ ಜನರಿಗೆ ತೋರಿಸುತ್ತಾರಂತೆ, ಮೊದಲು ಯಾವುದೋ ಬ್ರೆಡ್ ಕಾರ್ಖಾನೆಯದ್ದಂತೆ ಎಂದಳು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಕಾರ್ಖಾನೆ ಮುಚ್ಚುವಾಗ ಯಂತ್ರವನ್ನು ವಿದ್ಯಾರ್ಥಿಗಳಿಗೆ ಕಲಿಸಲೆಂದು ಯಾರಿಗೋ ಕೊಟ್ಟರೆಂದು ಕೇಳಿದ್ದೆ. ಆಮೇಲೆ ಅದು ಎಂದೋ ಗುಜರಿಗೆ ಹೋಗಿರಬೇಕೆಂದು ಸುಮ್ಮನಾಗಿದ್ದೆ.

ಶನಿವಾರ ವೆಂಬ್ಲಿ ಪಾರ್ಕ್‌ನಲ್ಲಿ ಟ್ಯೂಬ್ ರೈಲು ಬದಲಿಸಿ ಹೋದೆವು. ಬೇಸ್‌ಮೆಂಟಿನಲ್ಲಿ ಒಬ್ಬ ಇಂಗ್ಲಿಷ್ ಮುದುಕ ಇದ್ದ, ನನ್ನದೇ ವಯಸ್ಸು, ಮೊಣಕೈ ಸವೆದ ಸ್ವೆಟರು. ಟೆಲಿಫೋನ್ ಎಂಜಿನಿಯರ್ ಆಗಿ ನಿವೃತ್ತನಾದವನು, ಸಂಬಳವಿಲ್ಲದೆ ಈ ಯಂತ್ರಕ್ಕೆ ಜೀವ ಕೊಡುತ್ತಿದ್ದ. ನನ್ನ ಸೀರೆ, ಕೋಟು, ಮೊಣಕಾಲಿನ ನೋವು ನೋಡಿ ಕುರ್ಚಿ ಹಾಕಿದ. ಒಂದು ಕಾರ್ಡು ಹಿಡಿದು, ಇದರಲ್ಲಿ ಇರುವ ತೂತುಗಳೇ ಅಕ್ಷರಗಳು ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದ. ನಾನು ಕೇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಕಣ್ಣು ಯಂತ್ರದ ಮುಂದಿನ ತಗಡಿನ ಮೇಲಿತ್ತು. ಕೆಳಗಿನ ಮೂಲೆಯಲ್ಲಿ ಒಂದು ತಗ್ಗು. ನಮ್ಮ ಟೀ ಟ್ರಾಲಿ ಬಡಿದು ಆದ ತಗ್ಗು ಅದು, ತಳ್ಳುತ್ತಿದ್ದವಳು ಹೆದರಿ ಅತ್ತಿದ್ದು ನನಗೆ ನೆನಪಿದೆ. ನಾನೆದ್ದು ಹೋಗಿ ಅಲ್ಲಿ ಕೈಯಿಟ್ಟೆ. ನಾಚಿಕೆ ಏಕೆ, ನನಗೂ ಅಳು ಬಂತು.

ನಾನು ಯಾರೆಂದು ಹೇಳಿದ ಮೇಲೆ ಎಂಜಿನಿಯರ್ ಪಾಠ ನಿಲ್ಲಿಸಿ ಟೀ ಮಾಡಿದ. ಅವನ ಕಷ್ಟವೂ ಹೊರಬಂತು. ಯಂತ್ರ ಚಾಲೂ ಆಗುತ್ತದೆ, ದೀಪ ಉರಿಯುತ್ತದೆ, ಚಿಕ್ಕಪುಟ್ಟ ಪರೀಕ್ಷೆಗಳಲ್ಲಿ ಪಾಸೂ ಆಗುತ್ತದೆ. ಆದರೆ ಅದರ ಸ್ವಂತ ಕೆಲಸವಾದ ವ್ಯಾನ್ ಪ್ರೋಗ್ರಾಮ್ ಹಾಕಿದರೆ ಕಾರ್ಡೆಲ್ಲ ಓದಿ, ಒಂದು ದೀಪ ಹೊತ್ತಿಸಿ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅವನು ವರ್ಷಗಟ್ಟಲೆ ವೈರು ಬದಲಿಸಿದ್ದ, ಬೋರ್ಡು ಬದಲಿಸಿದ್ದ. ಈಗ ಕಾಲೇಜಿನ ಕಟ್ಟಡಗಳನ್ನು ನೋಡಿಕೊಳ್ಳುವ ಹೆಂಗಸು, ಕೊಂಕಣಿಯಲ್ಲಿ ಹೇಳುವುದಾದರೆ ಮ್ಯಾನೇಜರ್ ಬಾಯಿ, ಸೈಕಲ್ ನಿಲ್ಲಿಸಲು ಜಾಗ ಬೇಕೆಂದು ಕೂತಿದ್ದಾಳೆ. ಕೆಟ್ಟವಳಲ್ಲ, ಆದರೆ ಖಡಕ್. ತನ್ನ ಕೆಲಸ ತಾನು ಮಾಡುವ ಯಂತ್ರವಾದರೆ ಇರಲಿ, ಸತ್ತ ಕಬ್ಬಿಣವಾದರೆ ಲಾರಿ ಕರೆಸುತ್ತೇನೆ ಎಂದು ಹೇಳಿ, ಈಸ್ಟರಿನ ಮೊದಲು ಬಂದು ನೋಡುವುದಾಗಿ ತಿಳಿಸಿದ್ದಳು.

ಲಾರಿ ಎಂದ ಕೂಡಲೇ ನಾನು ಟೀ ಲೋಟ ಕೆಳಗಿಟ್ಟೆ. ನನ್ನ ಗಂಡ ಇಲ್ಲ, ಜೊತೆಗೆ ಕೆಲಸ ಮಾಡಿದವರು ಇದ್ದಾರೋ ಇಲ್ಲವೋ, ಕಾರ್ಖಾನೆಯಿದ್ದ ಜಾಗದಲ್ಲಿ ಯಾವುದೋ ಗೋದಾಮು ಎದ್ದಿದೆ. ಈ ಯಂತ್ರವೂ ಹೋದರೆ, ನಾನೊಬ್ಬಳು ಪ್ರೋಗ್ರಾಮರ್ ಆಗಿದ್ದೆನೆಂದು ತೋರಿಸಲು ಈ ಲೋಕದಲ್ಲಿ ಒಂದು ವಸ್ತುವೂ ಉಳಿಯುವುದಿಲ್ಲ. ಮುಂದೆ ಎಂದೆಂದಿಗೂ ನಾನು ಹಿಟ್ಟು ನಾದಿದವಳೇ.

ಪ್ರೋಗ್ರಾಮ್ ತೋರಿಸು ಎಂದೆ. ಉದ್ದನೆಯ ಕಬ್ಬಿಣದ ಡ್ರಾಯರಿನಲ್ಲಿ ಕಾರ್ಡುಗಳ ಕಟ್ಟು ತಂದ. ಕಟ್ಟಿನ ಮೇಲ್ತುದಿಯಲ್ಲಿ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಎಳೆದ ಕೆಂಪು ಗೆರೆ, ಹಾಗೇ ಇತ್ತು. ಕಾರ್ಡಿನ ಕಾಲದಲ್ಲಿ ಎಲ್ಲರೂ ಹಾಗೆ ಎಳೆಯುತ್ತಿದ್ದರು. ಕಟ್ಟು ಕೈಜಾರಿ ನೆಲಕ್ಕೆ ಚೆಲ್ಲಿದರೆ, ಗೆರೆ ಕೂಡಿ ಬರುವಂತೆ ಜೋಡಿಸಿದರೆ ಸಾಕು, ಕ್ರಮ ಸರಿಯಾಗುತ್ತದೆ. ನಾನು ಕಟ್ಟನ್ನು ಮೇಲಿನಿಂದ ನೋಡಿದೆ. ಎಲ್ಲ ಕೆನೆ ಬಣ್ಣದ ಕಾರ್ಡುಗಳು. ಕೊನೆಯಲ್ಲಿ ಇರಬೇಕಾದದ್ದು ಇರಲಿಲ್ಲ.

"ಗುಲಾಬಿ ಕಾರ್ಡು ಎಲ್ಲಿ?" ಎಂದು ಕೇಳಿದೆ.

ಅವನು ನಕ್ಕ. ಓ ಅದಾ, ಡ್ರಾಯರಿನಲ್ಲಿ ಖಾಲಿ ಗುಲಾಬಿ ಕಾರ್ಡುಗಳ ಕಟ್ಟೊಂದಿತ್ತು, ಪ್ರೋಗ್ರಾಮಿನ ಒಳಗೂ ಒಂದು ಸೇರಿಕೊಂಡಿತ್ತು. ಅದರ ಮೇಲೆ ಕೆಂಪು ಗೆರೆ ಇರಲಿಲ್ಲವಾದ್ದರಿಂದ ಅದು ಇಲ್ಲಿಯದಲ್ಲ ಎಂದು ತೆಗೆದು ಆ ಖಾಲಿ ಕಾರ್ಡುಗಳ ಜೊತೆಗೇ ಹಾಕಿದೆ. ನೋಡಲು ಬಂದ ಮಕ್ಕಳಿಗೆಲ್ಲ ಪುಸ್ತಕದಲ್ಲಿ ಇಟ್ಟುಕೊಳ್ಳಿ ಎಂದು ಹಂಚಿದೆ, ಮಕ್ಕಳಿಗೆ ಬಹಳ ಇಷ್ಟವಾಯಿತು ಎಂದ.

ಅಯ್ಯೋ ಮಾರಾಯ! ನನ್ನ ಮಂಡೆ ಬೆಚ್ಚವಾಯಿತು. ಅಲ್ಲಿದ್ದವರಿಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲವೆಂದು ಕನ್ನಡದಲ್ಲೇ ಸಮಾ ಬೈದೆ. ಮಗಳು ನನ್ನ ತೋಳು ಹಿಡಿದು ಜಗ್ಗಿದಳು, ಅವಳಿಗೆ ಅರ್ಥವಾಗಿತ್ತಲ್ಲ. ಉಸಿರು ಎಳೆದುಕೊಂಡು, ನೀನು ಹಂಚಿದ್ದು ನನ್ನ ಕೆಲಸವನ್ನು ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಅದೇನೆಂದು ಈಗ ಹೇಳಬೇಕು. ಪ್ರೋಗ್ರಾಮನ್ನು ಮೊದಲು ಮನುಷ್ಯರ ಭಾಷೆಗೆ ಹತ್ತಿರವಾಗಿ ಬರೆಯುತ್ತಾರೆ. ಅದನ್ನು ಯಂತ್ರದ ಭಾಷೆಗೆ ತಿರುಗಿಸುವುದೇ ಕಂಪೈಲ್ ಮಾಡುವುದು. ಆಗ ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಯಂತ್ರವನ್ನು ಯಾರು ಬಿಟ್ಟುಕೊಡುತ್ತಾರೆ, ವ್ಯಾನುಗಳು ಹೊರಗೆ ಕಾಯುತ್ತಿರುವಾಗ? ಹಾಗಾಗಿ ಚಿಕ್ಕ ತಪ್ಪು ಕಂಡರೆ ಇಡೀ ಅಂಗಿಯನ್ನು ಬಿಚ್ಚಿ ಹೊಲಿಯದೆ ತೇಪೆ ಹಾಕುತ್ತಿದ್ದೆವು. ಕಂಪೈಲ್ ಆದ ಕಟ್ಟಿನ ಕೊನೆಯಲ್ಲಿ ಒಂದು ಕಾರ್ಡು ಸೇರಿಸುವುದು. ಇಂಥ ಜಾಗದಲ್ಲಿ ಇರುವ ಸಂಖ್ಯೆಯನ್ನು ಅಳಿಸಿ ಈ ಸಂಖ್ಯೆ ಇಡು, ಇಷ್ಟೇ ಅದರಲ್ಲಿ. ನಮ್ಮಲ್ಲಿ ತೇಪೆಗೆ ಗುಲಾಬಿ ಕಾರ್ಡೇ ಆಗಬೇಕು, ಯಾರೂ ಕೈತಪ್ಪಿ ಎಸೆಯಬಾರದೆಂದು. ಕೆಂಪು ಗೆರೆ ಮಾತ್ರ ಅದರ ಮೇಲೆ ಎಳೆಯುತ್ತಿರಲಿಲ್ಲ. ಮುಂದಿನ ಸಲ ಕಂಪೈಲ್ ಮಾಡುವಾಗ ತಿದ್ದುಪಡಿ ಒಳಗೇ ಸೇರುತ್ತದೆ, ತೇಪೆ ಕಸಕ್ಕೆ ಹೋಗುತ್ತದೆ, ನಾಲ್ಕು ದಿನದ ಅತಿಥಿಗೆ ಗೆರೆ ಯಾಕೆ ಎಂದು.

ನನ್ನ ಕೊನೆಯ ತೇಪೆ ಟೇಪ್ ಯಂತ್ರದ್ದು. ವ್ಯಾನಿನ ಚೀಟಿಗಳ ಒಂದು ಪ್ರತಿ ಟೇಪಿಗೂ ಹೋಗುತ್ತಿತ್ತು. ಒಂದು ದಿನ ಕಾರ್ಖಾನೆಯವರು ಟೇಪ್ ಯಂತ್ರವನ್ನು ತೆಗೆದು ಸಾಗಿಸಿದರು, ಪ್ರೋಗ್ರಾಮಿಗೆ ಹೇಳುವವರು ಯಾರು? ಅದು ಟೇಪ್ ಸಿದ್ಧವಾಗಲಿ ಎಂದು ಕಾಯುತ್ತ ಕೂತಿತು. ನಾನು ತೇಪೆ ಹಾಕಿ, ಕಾಯಬೇಡ, ಮುಂದೆ ನಡೆ ಎಂದೆ. ಮತ್ತೆ ಕಂಪೈಲ್ ಮಾಡುವ ಮೊದಲೇ ಕಂಪ್ಯೂಟರ್ ಕೋಣೆಗೆ ಬೀಗ ಬಿತ್ತು. ಹಾಗೆ ನಾಲ್ಕು ದಿನದ ಅತಿಥಿ ಕೊನೆಯವರೆಗೂ ಉಳಿದ. ಈಗ ಆ ಕಾರ್ಡು ಯಾವುದೋ ಮಗುವಿನ ಪುಸ್ತಕದಲ್ಲಿದೆ. ಕಂಪ್ಯೂಟರೋ, ಇಲ್ಲದ ಟೇಪಿಗಾಗಿ ಕಾಯುತ್ತಿದೆ. ಈ ಪುಣ್ಯಾತ್ಮ ವೈರು ಬದಲಿಸುತ್ತಿದ್ದಾನೆ.

ಇಷ್ಟನ್ನೂ ಹೇಳಿ ಮುಗಿಸುವಾಗ ಎಂಜಿನಿಯರ್ ಸ್ಟೂಲಿನ ಮೇಲೆ ಕೂತುಬಿಟ್ಟಿದ್ದ. ಕಾರ್ಡಿನಲ್ಲಿ ಇದ್ದದ್ದು ನಿನಗೆ ನೆನಪಿದೆಯಾ ಎಂದು ಕೇಳಿದ. ಎಂತ ನೆನಪು? ನಿನ್ನೆ ಕನ್ನಡಕ ಎಲ್ಲಿಟ್ಟೆನೆಂದು ನನಗೆ ಗೊತ್ತಿಲ್ಲ. ಮೂಲ ಪ್ರೋಗ್ರಾಮ್ ಬರೆದ ಕಾಗದಗಳು ಎಂದೋ ಕಳೆದಿದ್ದವು. ಉಳಿದದ್ದು ಒಂದೇ ದಾರಿ. ಪ್ರೋಗ್ರಾಮನ್ನು ಯಂತ್ರದೊಳಗೆ ತುಂಬಿಸಿ, ಅಲ್ಲಿರುವುದನ್ನೆಲ್ಲ ಅಂಕೆಗಳಾಗಿ ಮುದ್ರಿಸಿ, ಅದರಲ್ಲಿ ಆ ಕಾಯುವ ಜಾಗವನ್ನು ಹುಡುಕಬೇಕು. ಮುದ್ರಿಸಿ ಕೊಡು ಎಂದೆ. ಹೆಂಗಸರ ಬ್ಯಾಗಿನಲ್ಲಿ ಹಿಡಿಯದಷ್ಟು ಕಾಗದವಾಯಿತು, ಮಗಳು ಹೊತ್ತಳು.

ಮರುದಿನ ಚರ್ಚಿನ ಪೂಜೆ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಕೂತೆ. ಸಾಲು ಸಾಲು ಅಂಕೆಗಳು, ನಡುನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳು, ಒಂದು ಪದವೂ ಇಲ್ಲ. ಯಂತ್ರ ಎಣಿಸುವುದು ಹದಿನಾರರ ಲೆಕ್ಕದಲ್ಲಿ. ಮೊದಮೊದಲು ಕಣ್ಣು ಕತ್ತಲೆ ಕಟ್ಟಿತು, ಇದು ನನ್ನ ಕೈಲಾಗದು ಎಂದು ಕಾಗದ ದೂಡಿದೆ. ಎದ್ದು ಹೋಗಿ ನೀರು ದೋಸೆಗೆ ಅಕ್ಕಿ ರುಬ್ಬಿದೆ. ರುಬ್ಬುತ್ತಿರುವಾಗ ಬಾಯಿ ತನ್ನಷ್ಟಕ್ಕೇ ಮಗ್ಗಿ ಹೇಳತೊಡಗಿತು, ಹದಿನಾರೊಂದ್ಲೆ ಹದಿನಾರು, ಹದಿನಾರೆರಡ್ಲೆ ಮೂವತ್ತೆರಡು. ಶಾಲೆಯಲ್ಲಿ ಈ ಮಗ್ಗಿಗಾಗಿ ಪೆಟ್ಟು ತಿಂದಿದ್ದೆ, ಪಾರ್ಕ್ ರಾಯಲ್‌ನಲ್ಲಿ ಇದರಿಂದಲೇ ಅನ್ನ ತಿಂದಿದ್ದೆ. ಕೈ ಒರೆಸಿಕೊಂಡು ಮತ್ತೆ ಕೂತೆ. ಈ ಸಲ ಅಂಕೆಗಳು ಮಾತಾಡಿದವು. ಇದು ಕೂಡಿಸುವುದು, ಇದು ಸಾಗಿಸುವುದು, ಇದು ಹೋಲಿಸುವುದು.

ಮಗಳು ಕಾಫಿ ತಂದವಳು ಹೋಗಲಿಲ್ಲ. ಪಕ್ಕದಲ್ಲಿ ಕೂತು ಬೆರಳಿಟ್ಟು ಏನಿದು, ಏನಿದು ಎಂದು ಕೇಳಿದಳು. ನಾನು ಓದಿ ಹೇಳಿದೆ. ಅವಳು ಫೋನನ್ನು ಕವುಚಿ ಹಾಕಿದಳು. ಆಮೇಲೆ ಹೇಳಿದಳು, "ಮಮ್ಮಿ, ಯು ನೆವರ್ ಟೋಲ್ಡ್ ಮಿ."

"ಹೇಳಿದ್ದೆ. ನೀನು ಕೇಳಿಸ್ಕೊಳ್ಳಿಲ್ಲ," ಎಂದೆ. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

ಸಿಕ್ಕಿದ್ದು ಒಂದಲ್ಲ, ಎರಡು ಜಾಗ, ನೋಡಲು ಅವಳಿ ಮಕ್ಕಳು. ಎರಡರಲ್ಲಿಯೂ ಅದೇ ಆದೇಶ: ಸಿದ್ಧವಿದೆಯಾ ನೋಡು, ಇಲ್ಲದಿದ್ದರೆ ಹಿಂದೆ ಹೋಗಿ ಮತ್ತೆ ನೋಡು. ಒಂದು ಟೇಪಿಗೆ ಕಾಯುವುದು, ಇನ್ನೊಂದು ಪ್ರಿಂಟರಿಗೆ ಕಾಯುವುದು. ತಪ್ಪಿ ಪ್ರಿಂಟರಿನ ಕಾಯುವಿಕೆಯನ್ನು ತೆಗೆದರೆ ಸಾಲುಗಳು ಒಂದರ ಮೇಲೊಂದು ಬಿದ್ದು ಎಲ್ಲ ಚಿತ್ರಾನ್ನ. ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ಸಂಖ್ಯೆ ಇರುತ್ತದೆ, ಅದು ಆದೇಶದ ಪಕ್ಕದಲ್ಲೇ ಇರುತ್ತದೆ. ಪ್ರಿಂಟರಿನ ಸಂಖ್ಯೆ ಏನೆಂದು ಎಂಜಿನಿಯರಿಗೆ ಫೋನ್ ಮಾಡಿ ಕೇಳಿದೆ. ಅವನು ಹೇಳಿದ್ದು ಎರಡನೆಯ ಜಾಗಕ್ಕೆ ಹೊಂದಿತು. ಹಾಗಾದರೆ ಮೊದಲನೆಯದೇ ನನ್ನದು. ಅಲ್ಲಿ ಒಂದು ಏಳು ಇತ್ತು. ಏಳು ಎಂದರೆ ಸಿದ್ಧವಿಲ್ಲದಿದ್ದರೆ ಹಿಂದೆ ಹೋಗು. ಅದನ್ನು ಸೊನ್ನೆ ಮಾಡಿದರೆ ಯಾವತ್ತೂ ಹೋಗಬೇಡ. ಒಂದೇ ಒಂದು ಅಂಕೆ. ಆಮೇಲೆ ಪ್ರೋಗ್ರಾಮ್ ಟೇಪಿಗೆ ಬರೆಯಲು ಹೇಳುತ್ತದೆ, ಕೇಳುವವರು ಯಾರೂ ಇಲ್ಲ, ಯಂತ್ರಕ್ಕೆ ಬೇಸರವೂ ಇಲ್ಲ. ನಾನು ಮೇಜು ಗುದ್ದಿದ್ದಕ್ಕೆ ಕಾಫಿ ಚೆಲ್ಲಿತು. ನನಗೆ ಅಷ್ಟು ಖುಷಿಯಾಗಿ ಎಷ್ಟು ಕಾಲವಾಗಿತ್ತೋ.

ಕಾರ್ಡು ಕೊರೆಯಲು ಮತ್ತೆ ಅಕ್ಸ್‌ಬ್ರಿಡ್ಜ್‌ಗೆ ಹೋದೆ. ತೂತು ಕೊರೆಯುವ ಯಂತ್ರದ ಮುಂದೆ ಕೂತಾಗ ಬೆರಳುಗಳು ಕೀಲಿಗಳ ಗುರುತು ಹಿಡಿದವು. ಗುಲಾಬಿ ಕಾರ್ಡು ಒಂದೂ ಉಳಿದಿರಲಿಲ್ಲ, ಮಹಾನುಭಾವ ಎಲ್ಲ ಹಂಚಿದ್ದ. ಕೆನೆ ಬಣ್ಣದ್ದರಲ್ಲೇ ಕೊರೆದು, ಮಗಳ ಹೈಲೈಟರ್ ಪೆನ್ನಿನಿಂದ ಅಂಚಿಗೆ ಗುಲಾಬಿ ಬಣ್ಣ ಬಳಿದೆ. ಕಾರ್ಡಿನ ಕೊನೆಯ ಎಂಟು ಅಕ್ಷರಗಳ ಜಾಗವನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗೆ. ತೇಪೆ ಯಾರದ್ದೆಂದು ಅಲ್ಲಿ ಕೊರೆಯುವುದು ಪದ್ಧತಿ. ಆದರೆ ನಮ್ಮಲ್ಲಿ ಯಾರೇ ಹಾಕಲಿ, ನಮ್ಮ ಮೇಲಧಿಕಾರಿಯ ಹೆಸರೇ ಬೀಳಬೇಕಿತ್ತು. ಅವನಿಗೆ ಕೊರೆಯುವ ಯಂತ್ರ ಎಲ್ಲಿದೆಯೆಂದೂ ಗೊತ್ತಿರಲಿಲ್ಲ. ಈ ಸಲ ನನ್ನ ಹೆಸರು ಕೊರೆದೆ. ಎಂಟು ಅಕ್ಷರಗಳಲ್ಲಿ ಸರಿಯಾಗಿ ಹಿಡಿಯಿತು.

ಮ್ಯಾನೇಜರ್ ಬಾಯಿ ಬರುವ ದಿನ ನಾವು ಸ್ವಲ್ಪ ತಡವಾಗಿ ತಲುಪಿದೆವು, ಟ್ಯೂಬು ದಾರಿಯಲ್ಲೇ ನಿಂತಿತ್ತು. ಎಂಜಿನಿಯರ್ ಅಂಗಡಿಗಳ ಹಳೇ ಆರ್ಡರ್ ಕಾರ್ಡುಗಳನ್ನೂ ಪ್ರೋಗ್ರಾಮಿನ ಹಿಂದೆ ಇಟ್ಟು ಎಲ್ಲ ಸಿದ್ಧ ಮಾಡಿ, ನನ್ನ ಕಾರ್ಡನ್ನೂ ತಾನೇ ಸೇರಿಸಿ ಕಾಯುತ್ತಿದ್ದ. ಟೈ ಬೇರೆ ಕಟ್ಟಿದ್ದ. ಆ ಹೆಂಗಸು ಕೋಟು ಬಿಚ್ಚದೆ ಬಾಗಿಲ ಬಳಿಯೇ ನಿಂತಳು. ಅವನು ಗುಂಡಿ ಒತ್ತಿದ. ಕಾರ್ಡುಗಳು ಪಟಪಟನೆ ಒಳಗೆ ಹೋದವು. ದೀಪ ಹೊತ್ತಿತು. ಅಷ್ಟೇ. ಕಲ್ಲು.

ಹೆಂಗಸು ಗಡಿಯಾರ ನೋಡಿಕೊಂಡು, ನಿಮ್ಮ ಶ್ರಮ ಕಾಣುತ್ತದೆ, ಬೇಸರವಾಗುತ್ತದೆ ಎಂದು ಮೆತ್ತಗೆ ಹೇಳಿದಳು. ಎಂಜಿನಿಯರ್ ಟೈ ಸಡಿಲಿಸುತ್ತ ನೆಲ ನೋಡಿದ. ಲೆಕ್ಕ ತಪ್ಪಿದೆನೇ, ಅವಳಿಗಳಲ್ಲಿ ತಪ್ಪಾದದ್ದನ್ನು ಹಿಡಿದೆನೇ ಎಂದು ತಲೆ ಗಿರ್ರೆಂದಿತು. ಆಗ ಕಣ್ಣು ಓದಿ ಮುಗಿದ ಕಾರ್ಡುಗಳ ಕಟ್ಟಿನ ಮೇಲೆ ಬಿತ್ತು. ಗುಲಾಬಿ ಅಂಚು ಪ್ರೋಗ್ರಾಮಿನ ಕಟ್ಟಿನ ಕಟ್ಟಕಡೆಯಲ್ಲಿತ್ತು, ಎಲ್ಲಕ್ಕಿಂತ ಹಿಂದೆ.

ಪ್ರೋಗ್ರಾಮಿನ ಕೊನೆಯ ಕಾರ್ಡು ಮುಕ್ತಾಯದ ಕಾರ್ಡು. ಅದನ್ನು ಓದಿದ ಕೂಡಲೇ ಯಂತ್ರ ಪ್ರೋಗ್ರಾಮ್ ಮುಗಿಯಿತೆಂದು ಬಾಗಿಲು ಹಾಕಿಕೊಳ್ಳುತ್ತದೆ. ತೇಪೆ ಕೊನೆಯಲ್ಲಿ ಎಂದರೆ ಅದಕ್ಕಿಂತ ಒಂದು ಕಾರ್ಡು ಮುಂಚೆ ಇರಬೇಕು. ಈ ಶಿಸ್ತಿನ ಮನುಷ್ಯ ಕೆಂಪು ಗೆರೆ ಕೆಡಬಾರದೆಂದು ಅದನ್ನು ಗೆರೆಯ ಆಚೆಗೆ, ಹಿಂದಕ್ಕೆ ಇಟ್ಟಿದ್ದ. ಮುಚ್ಚಿದ ಬಾಗಿಲ ಹೊರಗೆ ನನ್ನ ಕಾರ್ಡು ನಿಂತಿತ್ತು.

"ಎಂತ ಮಾಡಿಟ್ಟಿದ್ದೀ ಮಾರಾಯ ನೀನು," ಎಂದೆ, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು ಎಂದು ಕಾಣುತ್ತದೆ, ಪಕ್ಕಕ್ಕೆ ಸರಿದ. ಬಾಗಿಲ ಬಳಿಯ ಹೆಂಗಸಿಗೆ, ಕೋಟು ಬಿಚ್ಚಿ ಕೂತುಕೊಳ್ಳಿ, ಈಗ ಶುರುವಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಆ ಧ್ವನಿ ಎಲ್ಲಿಂದ ಬಂತೋ, ಅವಳು ನಿಜವಾಗಿಯೂ ಕೂತಳು. ನಾನು ಕಾರ್ಡನ್ನು ಒಂದು ಸ್ಥಾನ ಮುಂದೆ ಸರಿಸಿದೆ. ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿ ಯಂತ್ರಕ್ಕೆ ಕೊಟ್ಟೆ. ಗುಂಡಿ ನಾನೇ ಒತ್ತಿದೆ.

ಪಟಪಟ ಸದ್ದು. ದೀಪ ಹೊತ್ತಿತು. ದೀಪ ಆರಿತು. ಆಮೇಲೆ ಪ್ರಿಂಟರ್ ಬೊಬ್ಬೆ ಹಾಕಿತು. ಆ ಬೊಬ್ಬೆಯನ್ನು ನಾನು ಮರೆತೇಬಿಟ್ಟಿದ್ದೆ, ಎದೆಯೊಳಗೆ ಕೇಳುವ ಸದ್ದು ಅದು. ಕಾಗದ ಉಕ್ಕಿ ಉಕ್ಕಿ ಬಂತು. ಮೊದಲ ವ್ಯಾನು, ಹ್ಯಾರೋ ದಾರಿ, ಕೊನೆಯ ಅಂಗಡಿಯ ಟ್ರೇ ಮೊದಲು ತುಂಬಬೇಕು, ಮೊದಲ ಅಂಗಡಿಯದ್ದು ಕೊನೆಗೆ. ಎರಡನೆಯ ವ್ಯಾನು, ಮೂರನೆಯದು. ಎಂದೋ ತಿಂದು ಮುಗಿಸಿದ ಬ್ರೆಡ್ಡಿಗೆ ಸಾಲು ತಪ್ಪದೆ ಚೀಟಿ ಬರುತ್ತಿತ್ತು. ಎಂಜಿನಿಯರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಮಗಳು ಎರಡೂ ಕೈ ಮೇಲೆತ್ತಿ ಕುಣಿದಳು, ಅವಳ ವಯಸ್ಸಿಗೆ ಅದು ಶೋಭಿಸಲಿಲ್ಲ, ನನಗೆ ಇಷ್ಟವಾಯಿತು.

ಮ್ಯಾನೇಜರ್ ಬಾಯಿ ಒಂದು ಹಾಳೆ ಹರಿದುಕೊಂಡು ಓದಿದಳು. ಹ್ಯಾರೋದಲ್ಲಿ ತಾನು ಚಿಕ್ಕಂದಿನಲ್ಲಿ ಹೋಗುತ್ತಿದ್ದ ಅಂಗಡಿ ಇದರಲ್ಲಿದೆ ಎಂದಳು. ಆಮೇಲೆ ನಮ್ಮೆದುರೇ ಫೋನ್ ಮಾಡಿ ಲಾರಿ ಬೇಡವೆಂದಳು, ಸೈಕಲ್ಲುಗಳನ್ನು ಹೊರಗೇ ನಿಲ್ಲಿಸಿಕೊಳ್ಳಲಿ ಎಂದಳು. ಇದನ್ನು ಸರಿಪಡಿಸಿದ್ದು ಯಾರು ಎಂದು ಕೇಳಿದಳು. ಎಂಜಿನಿಯರ್ ಮಾತಾಡುವ ಮೊದಲೇ ನನ್ನ ಮಗಳು ಕನ್ನಡದಲ್ಲಿ ಹೇಳಿದಳು, "ನಮ್ಮ ಅಮ್ಮ." ಆಮೇಲೆ ತಪ್ಪು ಗೊತ್ತಾಗಿ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಿದಳು. ಅಷ್ಟರಲ್ಲಿ ನಾನು ಕರವಸ್ತ್ರ ಹುಡುಕುತ್ತಿದ್ದೆ.

ಎಲ್ಲರೂ ಹೋದ ಮೇಲೆ ಎಂಜಿನಿಯರ್ ಪ್ರೋಗ್ರಾಮಿನ ಕಟ್ಟನ್ನು ಮೇಜಿನ ಮೇಲೆ ನೇರವಾಗಿ ಜೋಡಿಸಿ, ಎರಡೂ ಬದಿಗೆ ಕೈಯೊತ್ತಿ ಹಿಡಿದ. ಜೇಬಿನಿಂದ ಕೆಂಪು ಮಾರ್ಕರ್ ತೆಗೆದು ನನ್ನ ಕಡೆ ಚಾಚಿದ. ಹಳೇ ಗೆರೆ ಮಾಸಿದೆ, ಇನ್ನೊಂದು ಎಳೆದುಬಿಡು ಎಂದ. ತೇಪೆಗೆ ಗೆರೆ ಎಳೆಯುವ ಪದ್ಧತಿ ಇಲ್ಲವಲ್ಲ ಎಂದೆ. ಇನ್ನು ಇದನ್ನು ಕಂಪೈಲ್ ಮಾಡುವವರು ಯಾರೂ ಇಲ್ಲ, ಆದ್ದರಿಂದ ಇದು ಅತಿಥಿಯಲ್ಲ ಎಂದ.

ನಾನು ಈ ಮೂಲೆಯಿಂದ ಶುರು ಮಾಡಿ ಆ ಮೂಲೆಯವರೆಗೆ ಎಳೆದೆ. ಗುಲಾಬಿ ಅಂಚಿನ ಹತ್ತಿರ ಗೆರೆ ಸ್ವಲ್ಪ ಸೊಟ್ಟಗಾಯಿತು, ಆಗಲಿ. ಇನ್ನು ಯಾರೇ ನನ್ನ ಕಾರ್ಡನ್ನು ತೆಗೆದರೂ ಗೆರೆ ಅಲ್ಲಿ ತುಂಡಾಗಿ ಕಾಣುತ್ತದೆ.